ಕಾರವಾರದ ಉಪ್ಪುಗಾಳಿಗೆ ಹೊಂದುವ ಕಂಪ್ಯೂಟರ್ ಕ್ಯಾಬಿನೆಟ್ ಫ್ಯಾನ್ ನಿಯಂತ್ರಣ: ನನ್ನ ಅನುಭವ

ಆಷಾಢದಲ್ಲಿ ಅಡುಗೆಮನೆಯ ಕಲ್ಲುಪ್ಪು ನೀರೊಡೆಯುವುದು ಕರಾವಳಿಯವರಿಗೆ ಹೊಸದಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 75 ದಾಟಿತೆಂದರೆ ಶುದ್ಧ ಉಪ್ಪು ಗಾಳಿಯ ನೀರನ್ನೇ ಹೀರಿ ಕರಗತೊಡಗುತ್ತದೆ. ಸಾಣಿಕಟ್ಟಾದ ಕಲ್ಲುಪ್ಪಿನಂಥ ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುವುದರಿಂದ ಅದಕ್ಕೆ ಅಷ್ಟು ತೇವವೂ ಬೇಡ. ಕಡಲಗಾಳಿಯ ಜತೆ ಕಂಪ್ಯೂಟರಿನೊಳಗೆ ನುಗ್ಗಿ ಮದರ್‌ಬೋರ್ಡಿನ ಮೇಲೆ ಕೂತ ಕಣಗಳಿಗೆ ಆಗುವುದೂ ಇದೇ. ಒಣಗಿದ್ದಾಗ ಅವು ಬರೀ ಧೂಳು. ನೀರೊಡೆದಾಗ ವಿದ್ಯುತ್ ಹರಿಯುವ ದ್ರಾವಣ.

ಹಾಗಾಗಿ ಕೋಡಿಬಾಗ, ಕಾಜುಬಾಗದಂಥ ಕಡೆ ಫ್ಯಾನುಗಳನ್ನು ಸದಾ ಪೂರ್ತಿ ವೇಗದಲ್ಲಿ ಓಡಿಸುವುದು ಒಳ್ಳೆಯದಲ್ಲ. ಮಳೆಗಾಲದಲ್ಲಿ ಕೋಣೆ 27 ಡಿಗ್ರಿ, ಆರ್ದ್ರತೆ ಶೇ. 90 ಎಂದಿಟ್ಟುಕೊಳ್ಳಿ. ಅದೇ ಗಾಳಿ ಕ್ಯಾಬಿನೆಟ್ ಒಳಗೆ 35 ಡಿಗ್ರಿಗೆ ಬೆಚ್ಚಗಾದರೆ ಅದರ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 57ಕ್ಕೆ ಇಳಿಯುತ್ತದೆ. ನೀರಿನ ಪ್ರಮಾಣ ಅಷ್ಟೇ ಇರುತ್ತದೆ, ಅದನ್ನು ಹಿಡಿದಿಡುವ ಗಾಳಿಯ ಶಕ್ತಿ ಹೆಚ್ಚುತ್ತದೆ. ಅಂದರೆ ಎಂಟು ಡಿಗ್ರಿಯ ಬಿಸುಪೇ ನಮಗೆ ರಕ್ಷಣೆ. ಫ್ಯಾನುಗಳನ್ನು ಜೋರಾಗಿ ಓಡಿಸಿದರೆ ಆ ಬಿಸುಪು ಹೋಗುತ್ತದೆ, ಉಪ್ಪೂ ಹೆಚ್ಚು ಬರುತ್ತದೆ.

ಇದರಿಂದ ನಾನು ಕಂಡುಕೊಂಡದ್ದು ಇಷ್ಟು: ಕ್ಯಾಬಿನೆಟ್ ಫ್ಯಾನುಗಳ ವೇಗ ಪ್ರೊಸೆಸರಿನ ತಾಪಮಾನವನ್ನು ಅನುಸರಿಸಬಾರದು. ಒಳಗಿನ ಗಾಳಿಗೂ ಕೋಣೆಯ ಗಾಳಿಗೂ ಇರುವ ತಾಪಮಾನದ ವ್ಯತ್ಯಾಸವನ್ನು ಅನುಸರಿಸಬೇಕು. ಪ್ರೊಸೆಸರ್ ಫ್ಯಾನು ಮದರ್‌ಬೋರ್ಡಿನ ಕೈಯಲ್ಲೇ ಇರಲಿ, ಅದನ್ನು ಮುಟ್ಟುವುದು ಬೇಡ. ಗ್ರಾಫಿಕ್ಸ್ ಕಾರ್ಡಿನ ಫ್ಯಾನುಗಳೂ ಹಾಗೆಯೇ.

ಮೊದಲು ವೈರುಗಳ ವಿಚಾರ. ಮೂರು ಪಿನ್ನಿನ ಫ್ಯಾನಿನಲ್ಲಿ ಗ್ರೌಂಡ್, 12 ವೋಲ್ಟ್, ವೇಗ ತಿಳಿಸುವ ಟ್ಯಾಕೋ ಇರುತ್ತವೆ. ವೇಗ ಇಳಿಸಬೇಕಾದರೆ ವೋಲ್ಟೇಜನ್ನೇ ಇಳಿಸಬೇಕು. ನಾಲ್ಕು ಪಿನ್ನಿನದರಲ್ಲಿ ಹೆಚ್ಚಿನದು ಪಿಡಬ್ಲ್ಯುಎಂ ವೈರು, ಅಂದರೆ ವೇಗದ ಆಜ್ಞೆಯನ್ನು ಬೇಗಬೇಗ ಆನ್-ಆಫ್ ಆಗುವ ಸಂಕೇತವಾಗಿ ಒಯ್ಯುವ ವೈರು. 12 ವೋಲ್ಟ್ ಪೂರ್ತಿ ಇದ್ದೇ ಇರುತ್ತದೆ. 25 ಕಿಲೋಹರ್ಟ್ಸ್‌ನ ಸಂಕೇತ ಎಷ್ಟು ಭಾಗ ಮೇಲಿರುತ್ತದೋ ಅಷ್ಟು ವೇಗ. ಆ ವೈರಿಗೆ ಏನನ್ನೂ ಜೋಡಿಸದಿದ್ದರೆ ಫ್ಯಾನು ಪೂರ್ತಿ ವೇಗದಲ್ಲಿ ಓಡುತ್ತದೆ. ಈ ಗುಣ ಮುಂದೆ ತುಂಬ ಉಪಯೋಗಕ್ಕೆ ಬರುತ್ತದೆ.

ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗು) ಪ್ರತಿ ಹೆಡರಿಗೂ, ಅಂದರೆ ಫ್ಯಾನು ಸಿಕ್ಕಿಸುವ ಪಿನ್ನುಗಳ ಗುಂಪಿಗೂ, ಡಿಸಿ (ವೋಲ್ಟೇಜಿನಿಂದ ನಿಯಂತ್ರಣ) ಅಥವಾ ಪಿಡಬ್ಲ್ಯುಎಂ ಎಂದು ಕೈಯಾರೆ ಆಯ್ದುಕೊಳ್ಳಿ. ಆಟೋ ಎಂದು ಬಿಟ್ಟರೆ ಕೆಲವೊಮ್ಮೆ ತಪ್ಪಾಗಿ ಗುರುತಿಸುತ್ತದೆ. ಮೂರು ಪಿನ್ನಿನ ಫ್ಯಾನು ಪಿಡಬ್ಲ್ಯುಎಂ ಮೋಡಿನಲ್ಲಿದ್ದರೆ ವೇಗ ಇಳಿಯುವುದೇ ಇಲ್ಲ. ನಾಲ್ಕು ಪಿನ್ನಿನದು ಡಿಸಿ ಮೋಡಿನಲ್ಲಿದ್ದರೆ ಕಡಿಮೆ ವೋಲ್ಟೇಜಿನಲ್ಲಿ ತಡವರಿಸಿ ನಿಲ್ಲುತ್ತದೆ. ವೇಗ ಏರಿಳಿಸುವ ವಿಳಂಬವನ್ನು 5ರಿಂದ 10 ಸೆಕೆಂಡಿಗೆ ಇಡಿ, ಇಲ್ಲವಾದರೆ ಬ್ರೌಸರ್ ತೆರೆದಾಗಲೆಲ್ಲ ಫ್ಯಾನು ಗುಂಯ್ಗುಡುತ್ತದೆ. ಸಾಮಾನ್ಯ ಹೆಡರಿನ ಮಿತಿ 1 ಆಂಪಿಯರ್. 0.25 ಆಂಪಿಯರಿನ ನಾಲ್ಕು ಫ್ಯಾನು ಒಂದಕ್ಕೇ ಸಿಕ್ಕಿಸಿದರೆ ಮಿತಿ ಮುಟ್ಟಿದಂತೆ. ಅದಕ್ಕಿಂತ ಪವರ್ ಸಪ್ಲೈಯ ಸಾಟಾ ಕನೆಕ್ಟರಿನಿಂದ ಕರೆಂಟು ತೆಗೆದು ಹಲವು ಫ್ಯಾನಿಗೆ ಹಂಚುವ ಹಬ್ ಒಳ್ಳೆಯದು. ಆದರೆ ಹಬ್ ಒಂದು ಫ್ಯಾನಿನ ವೇಗವನ್ನಷ್ಟೇ ವಾಪಸು ತಿಳಿಸುತ್ತದೆ. ಉಳಿದವು ನಿಂತರೂ ಗೊತ್ತಾಗುವುದಿಲ್ಲ.

ಸಾಫ್ಟ್‌ವೇರ್ ವಿಚಾರ ಬೇಗ ಮುಗಿಸುತ್ತೇನೆ, ಏಕೆಂದರೆ ಈ ಕೆಲಸಕ್ಕೆ ಅದನ್ನೇ ಪೂರ್ತಿ ನೆಚ್ಚಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ವಿಂಡೋಸ್‌ನಲ್ಲಿ ಫ್ಯಾನ್‌ಕಂಟ್ರೋಲ್ ಎಂಬ ಉಚಿತ ತಂತ್ರಾಂಶ ಚೆನ್ನಾಗಿದೆ. ಮದರ್‌ಬೋರ್ಡ್ ಕಂಪನಿಯ ತಂತ್ರಾಂಶವೂ ಜತೆಗೆ ಓಡುತ್ತಿದ್ದರೆ ಎರಡೂ ಒಂದೇ ಚಿಪ್ಪಿಗೆ ಬೇರೆ ಬೇರೆ ಆಜ್ಞೆ ಕೊಟ್ಟು ಫ್ಯಾನು ಏರಿಳಿಯುತ್ತಲೇ ಇರುತ್ತದೆ. ಒಂದನ್ನು ತೆಗೆಯಲೇಬೇಕು. ಲಿನಕ್ಸ್‌ನಲ್ಲಿ ಸೆನ್ಸರುಗಳನ್ನು ಓದುವ ಎಲ್‌ಎಂ-ಸೆನ್ಸರ್ಸ್ ಹಾಕಿ, ಸೆನ್ಸರ್ಸ್-ಡಿಟೆಕ್ಟ್ ಓಡಿಸಿ, ಪಿಡಬ್ಲ್ಯುಎಂಕಾನ್ಫಿಗ್ ಮೂಲಕ ಯಾವ ಔಟ್‌ಪುಟ್ ಯಾವ ಫ್ಯಾನಿನದು ಎಂದು ಪತ್ತೆ ಹಚ್ಚಬೇಕು. ಅದು ಒಂದೊಂದೇ ಫ್ಯಾನನ್ನು ನಿಲ್ಲಿಸಿ ನೋಡುತ್ತದೆ, ಆ ಹೊತ್ತಿನಲ್ಲಿ ಭಾರವಾದ ಕೆಲಸ ಯಾವುದೂ ನಡೆಯುತ್ತಿರಬಾರದು. ಇಲ್ಲಿ ಎರಡು ತೊಂದರೆ ಮತ್ತೆ ಮತ್ತೆ ಬರುತ್ತವೆ. ರೀಬೂಟ್ ಆದಾಗ ಸೆನ್ಸರ್ ಚಿಪ್ಪಿನ ಕ್ರಮಸಂಖ್ಯೆ ಬದಲಾಗಿ, ಸಂರಚನೆ ಹಳತಾಗಿದೆ ಎಂದು ಲಿನಕ್ಸ್‌ನ ಫ್ಯಾನ್‌ಕಂಟ್ರೋಲ್ ಸೇವೆ (ವಿಂಡೋಸ್‌ನದಲ್ಲ, ಹೆಸರಷ್ಟೇ ಒಂದು) ಶುರುವಾಗುವುದೇ ಇಲ್ಲ. ಇನ್ನೊಂದು, ಯಂತ್ರ ಸ್ಲೀಪ್‌ನಿಂದ ಎದ್ದಾಗ ಚಿಪ್ಪು ಬಯೋಸ್‌ನ ಹಿಡಿತಕ್ಕೆ ಮರಳುವುದು. ಎದ್ದ ಕೂಡಲೇ ಆ ಸೇವೆಯನ್ನು ಮರುಪ್ರಾರಂಭಿಸುವ ಸಣ್ಣ ಸ್ಕ್ರಿಪ್ಟ್ ಹಾಕಿಟ್ಟರೆ ಸರಿಹೋಗುತ್ತದೆ.

ಇವೆಲ್ಲದರ ಮೂಲ ಕೊರತೆ ಬೇರೆಯೇ ಇದೆ: ಮದರ್‌ಬೋರ್ಡಿಗೆ ಕೋಣೆಯ ತಾಪಮಾನ ಗೊತ್ತಿಲ್ಲ. ಕಾರವಾರದ ಮೇ ತಿಂಗಳ 34 ಡಿಗ್ರಿಗೆ ಹೊಂದಿಸಿದ ವೇಗದ ರೇಖೆಯನ್ನು ಘಟ್ಟ ಹತ್ತಿಸಿ ಶಿರಸಿಯ ಚಳಿಗಾಲದ ಬೆಳಗಿಗೆ ಒಯ್ದರೆ ಕೆಲಸಕ್ಕೆ ಬರುವುದಿಲ್ಲ. ವ್ಯತ್ಯಾಸವನ್ನು ಅಳೆದರೆ ಒಂದೇ ವ್ಯವಸ್ಥೆ ಎರಡೂ ಕಡೆ ನಡೆಯುತ್ತದೆ.

ನಾನು ಜೋಡಿಸಿದ್ದು ಹೀಗೆ. ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡು ಒಂದು, ತಾಪಮಾನ ಅಳೆಯುವ ಡಿಎಸ್18ಬಿ20 ಸೆನ್ಸರ್ ಎರಡು, 4.7 ಕಿಲೋಓಮ್ ರೆಸಿಸ್ಟರ್ ಒಂದು, ಬಿಸಿ547 ಟ್ರಾನ್ಸಿಸ್ಟರ್ ಎರಡು, 2.2 ಮತ್ತು 10 ಕಿಲೋಓಮ್ ರೆಸಿಸ್ಟರ್ ಎರಡೆರಡು, ಸಾಟಾ ಹಬ್ ಒಂದು. ಮುಂದೆ 120 ಮಿಲಿಮೀಟರಿನ ಮೂರು ಫ್ಯಾನು ಗಾಳಿ ಎಳೆಯಲು, ಹಿಂದೆ ಒಂದು ಹೊರಹಾಕಲು. ಒಳಗೆ ಬರುವ ಗಾಳಿ ಹೊರಹೋಗುವುದಕ್ಕಿಂತ ಹೆಚ್ಚಿರಬೇಕು. ಆಗ ಎಲ್ಲ ಗಾಳಿಯೂ ಫಿಲ್ಟರಿನ ಮೂಲಕವೇ ಬರುತ್ತದೆ, ಚಿರೇಕಲ್ಲಿನ ಕೆಂಪು ಧೂಳು ಸಂದುಗಳಿಂದ ನುಗ್ಗುವುದಿಲ್ಲ.

ಸೆನ್ಸರ್ ಎರಡೂ ನ್ಯಾನೊದ ಒಂದೇ ಪಿನ್ನಿಗೆ, 4.7 ಕಿಲೋಓಮ್ ಮೂಲಕ 5 ವೋಲ್ಟಿಗೆ ಎತ್ತಿ ಕಟ್ಟಬೇಕು. ಪ್ರತಿ ಸೆನ್ಸರಿನ ನಿಖರತೆ ಅರ್ಧ ಡಿಗ್ರಿ ಆಚೀಚೆ, ಹಾಗಾಗಿ ವ್ಯತ್ಯಾಸದಲ್ಲಿ ಒಂದು ಡಿಗ್ರಿಯವರೆಗೂ ತಪ್ಪಾಗಬಹುದು. ಎರಡನ್ನೂ ಸೇರಿಸಿ ದಾರ ಕಟ್ಟಿ ಅರ್ಧ ಗಂಟೆ ಒಂದೇ ಕಡೆ ಇಟ್ಟು, ತೋರಿಸುವ ಅಂತರವನ್ನು ಕೋಡಿನಲ್ಲಿ ಕಳೆದುಬಿಡಿ. ಕೋಣೆಯ ಸೆನ್ಸರ್ ಕ್ಯಾಬಿನೆಟ್ ಮುಂದೆ ಒಂದಡಿ ದೂರದಲ್ಲಿರಲಿ, ಕಿಟಕಿಯ ಬಿಸಿಲು ತಾಗದಿರಲಿ. ಒಳಗಿನದನ್ನು ಹಿಂದಿನ ಫ್ಯಾನಿನ ಎದುರು ಗಾಳಿಯಲ್ಲಿ ತೂಗುಹಾಕಿ; ಅದು ಗ್ರಾಫಿಕ್ಸ್ ಕಾರ್ಡಿನ ಲೋಹಕ್ಕೆ ತಾಗಬಾರದು.

ನ್ಯಾನೊದ 9ನೇ ಪಿನ್ನಿನಿಂದ 2.2 ಕಿಲೋಓಮ್ ಮೂಲಕ ಟ್ರಾನ್ಸಿಸ್ಟರಿನ ಬೇಸಿಗೆ, ಬೇಸಿನಿಂದ ಗ್ರೌಂಡಿಗೆ 10 ಕಿಲೋಓಮ್, ಎಮಿಟರ್ ಗ್ರೌಂಡಿಗೆ, ಕಲೆಕ್ಟರ್ ಹಬ್ಬಿನ ಪಿಡಬ್ಲ್ಯುಎಂ ವೈರಿಗೆ. ಹಿಂದಿನ ಫ್ಯಾನಿಗೆ 10ನೇ ಪಿನ್ನಿನಿಂದ ಇದೇ ರೀತಿ ಇನ್ನೊಂದು. ನ್ಯಾನೊದ ಗ್ರೌಂಡ್ ಮತ್ತು ಪವರ್ ಸಪ್ಲೈಯ ಗ್ರೌಂಡ್ ಕೂಡಿರಲೇಬೇಕು. ಟ್ರಾನ್ಸಿಸ್ಟರ್ ಇಲ್ಲದೆ ನೇರವಾಗಿ ಸಿಕ್ಕಿಸಿದರೂ ಫ್ಯಾನು ತಿರುಗುತ್ತದೆ. ಆದರೆ ನ್ಯಾನೊಗೆ ಕರೆಂಟು ಬರದೇ ಹೋದರೆ ಅದು ಆ ವೈರನ್ನು ಕೆಳಕ್ಕೆ ಎಳೆದು ಫ್ಯಾನನ್ನು ನಿಲ್ಲಿಸಬಹುದು. ಟ್ರಾನ್ಸಿಸ್ಟರ್ ಇದ್ದರೆ ಬೇಸಿಗೆ ಕರೆಂಟು ಸಿಗದೆ ವೈರು ಬಿಡುಗಡೆಯಾಗುತ್ತದೆ, ಫ್ಯಾನು ಪೂರ್ತಿ ವೇಗಕ್ಕೆ ಹೋಗುತ್ತದೆ. ಕೆಟ್ಟರೆ ಗಾಳಿ ಹೆಚ್ಚುವ ಕಡೆಗೆ ಕೆಡಬೇಕು. ನಾಲ್ಕಾಣೆಯ ಸಾಮಾನಿಗೆ ಇದಕ್ಕಿಂತ ದೊಡ್ಡ ಕೆಲಸ ಸಿಗಲಿಕ್ಕಿಲ್ಲ.

ಕೋಡಿನಲ್ಲಿ ಆರ್ಡುಯಿನೊದ ಸಿದ್ಧ ಪಿಡಬ್ಲ್ಯುಎಂ ಆಜ್ಞೆಯಾದ ಅನಲಾಗ್‌ರೈಟ್ ಬಳಸಬೇಡಿ. ಆ ಪಿನ್ನುಗಳಲ್ಲಿ ಅದು ಕೊಡುವುದು ಸುಮಾರು 490 ಹರ್ಟ್ಸ್. ಮೋಟಾರಿನಿಂದ ಸಣ್ಣ ಸಿಳ್ಳೆ ಕೇಳುತ್ತದೆ, ಟ್ಯಾಕೋ ಲೆಕ್ಕವೂ ಹಾಳಾಗುತ್ತದೆ. ಆ ಪಿನ್ನುಗಳನ್ನು ನಡೆಸುವ ಟೈಮರ್ 1ನ್ನು ಫೇಸ್ ಕರೆಕ್ಟ್ ಮೋಡಿಗೆ (ಎಣಿಕೆ ಮೇಲೇರಿ ಮತ್ತೆ ಇಳಿಯುವ ರೀತಿ) ಹಾಕಿ, ಪ್ರಿಸ್ಕೇಲರ್ (ಗಡಿಯಾರದ ವೇಗವನ್ನು ಭಾಗಿಸುವುದು) ಇಲ್ಲದೆ, ಎಣಿಕೆಯ ಮೇಲ್ಮಿತಿಯಾದ ಐಸಿಆರ್1ರಲ್ಲಿ 320 ಇಡಿ. 16 ಮೆಗಾಹರ್ಟ್ಸನ್ನು 640ರಿಂದ ಭಾಗಿಸಿದರೆ ಸರಿಯಾಗಿ 25 ಕಿಲೋಹರ್ಟ್ಸ್. ಟ್ರಾನ್ಸಿಸ್ಟರ್ ಸಂಕೇತವನ್ನು ತಿರುಗಾಮುರುಗಾ ಮಾಡುವುದರಿಂದ ಬೇಕಾದ ಬೆಲೆಯನ್ನು 320ರಿಂದ ಕಳೆದು ಬರೆಯಬೇಕು. ಟ್ಯಾಕೋ ಒಂದು ಸುತ್ತಿಗೆ ಎರಡು ಮಿಡಿತ ಕೊಡುತ್ತದೆ. ಸೆಕೆಂಡಿನ ಮಿಡಿತಗಳನ್ನು 30ರಿಂದ ಗುಣಿಸಿದರೆ ನಿಮಿಷದ ಸುತ್ತುಗಳು ಸಿಗುತ್ತವೆ.

ಒಳಗೂ ಕೋಣೆಗೂ ಎಷ್ಟು ಡಿಗ್ರಿ ವ್ಯತ್ಯಾಸ ಇರಬೇಕೆಂಬ ಗುರಿ ಋತುವಿಗೆ ತಕ್ಕಂತೆ ಬದಲಾಗಬೇಕು. ಇದಕ್ಕೆಂದು ಅಗ್ಗದ ತೇವಾಂಶ ಸೆನ್ಸರ್ ಹಾಕಿ ನೋಡಿದೆ. ಒಂದೇ ಮಳೆಗಾಲದಲ್ಲಿ ಅದು ಶೇ. 99.9ಕ್ಕೆ ಅಂಟಿಕೊಂಡು ಕೂತಿತು. ಕೋಣೆಯ ತಾಪಮಾನವೇ ಸಾಕು ಎಂದು ಆಮೇಲೆ ಅರಿವಾಯಿತು: ಆರಿದ್ರಾ ಮಳೆ ಹಿಡಿದಾಗ ಕೋಣೆ 28ರ ಒಳಗೆ, ಮೇ ತಿಂಗಳಲ್ಲಿ 33–34. ಹಾಗಾಗಿ 28 ಡಿಗ್ರಿಯವರೆಗೆ ಗುರಿ 9, 34ರಲ್ಲಿ 5, ನಡುವೆ ನೇರ ಇಳಿಕೆ. ಐದು ಸೆಕೆಂಡಿಗೊಮ್ಮೆ ನೋಡಿ, ವ್ಯತ್ಯಾಸ ಗುರಿಗಿಂತ ಒಂದು ಡಿಗ್ರಿ ಮೀರಿದ್ದರೆ ವೇಗ ಶೇ. 3 ಏರಿಸು, ಒಂದು ಡಿಗ್ರಿ ಕಡಿಮೆಯಿದ್ದರೆ ಶೇ. 1 ಇಳಿಸು. ಒಳಗಿನ ಗಾಳಿ 45 ಮುಟ್ಟಿದರೆ ಬೇರೆ ಲೆಕ್ಕವೇ ಇಲ್ಲ, ಎಲ್ಲವೂ ಪೂರ್ತಿ ವೇಗ.

ಗಾಳಿ ಎಷ್ಟು ಬೇಕು ಎಂಬ ಅಂದಾಜೂ ಇರಲಿ. ಸುಮ್ಮನಿರುವಾಗಿನ 50 ವಾಟ್ ಶಾಖವನ್ನು 8 ಡಿಗ್ರಿ ವ್ಯತ್ಯಾಸದಲ್ಲಿ ಹೊರಹಾಕಲು ನಿಮಿಷಕ್ಕೆ ಸುಮಾರು 11 ಘನ ಅಡಿ ಗಾಳಿ ಸಾಕು. 250 ವಾಟಿಗೆ 6 ಡಿಗ್ರಿಯಲ್ಲಿ 76 ಘನ ಅಡಿ ಬೇಕು. ಮೊದಲನೆಯದಕ್ಕೆ ಮುಂದಿನ ಫ್ಯಾನುಗಳು ಕನಿಷ್ಠ ವೇಗದಲ್ಲಿದ್ದರೂ ಹೆಚ್ಚೇ. ಅದಕ್ಕೇ ಹಿಂದಿನದನ್ನು ಬೇರೆ ಪಿನ್ನಿಗೆ ಕೊಟ್ಟದ್ದು. ಮಳೆಗಾಲದಲ್ಲಿ ಅದು ಬಹುಹೊತ್ತು ನಿಂತೇ ಇರುತ್ತದೆ. ಕೊಳ್ಳುವಾಗ ನೋಡಿಕೊಳ್ಳಿ: ಕೆಲವು ಫ್ಯಾನು ಶೂನ್ಯ ಸಂಕೇತಕ್ಕೆ ನಿಲ್ಲುತ್ತವೆ, ಕೆಲವು ಕನಿಷ್ಠ ವೇಗದಲ್ಲಿ ತಿರುಗುತ್ತಲೇ ಇರುತ್ತವೆ. ಕನಿಷ್ಠ ಎಷ್ಟೆಂಬುದನ್ನು ಪ್ರತಿ ಫ್ಯಾನಿಗೂ ಪರೀಕ್ಷಿಸಿಯೇ ತಿಳಿಯಬೇಕು. ತಿರುಗುತ್ತಿರುವುದು ಶೇ. 18ರಲ್ಲಿ ನಿಂತರೆ, ನಿಂತದ್ದು ಹೊರಡಲು ಶೇ. 25 ಬೇಕಾಗಬಹುದು. ಹೊರಡುವ ಬೆಲೆಗೆ ಇನ್ನೂ ಶೇ. 5 ಕೂಡಿಸಿ ಇಟ್ಟುಕೊಳ್ಳಿ, ಬೇರಿಂಗಿನ ಗ್ರೀಸು ಹಳತಾದಾಗ ಬೇಕಾಗುತ್ತದೆ.

ಸೆನ್ಸರ್ ಸುಳ್ಳು ಹೇಳುವುದೂ ಉಂಟು. ಡಿಎಸ್18ಬಿ20ಗೆ ಕರೆಂಟು ತಪ್ಪಿ ಬಂದಾಗ ಅದು 85 ಡಿಗ್ರಿ ತೋರಿಸುತ್ತದೆ, ಅದು ಅದರ ಆರಂಭದ ಬೆಲೆ. ವೈರು ಕಳಚಿದರೆ ಲೈಬ್ರರಿ ಮೈನಸ್ 127 ಕೊಡುತ್ತದೆ. ಕೋಣೆಯ ಸೆನ್ಸರ್ 85 ಎಂದರೆ ವ್ಯತ್ಯಾಸ ಋಣವಾಗಿ ಫ್ಯಾನು ಇಳಿಯುತ್ತಲೇ ಹೋಗುತ್ತದೆ. ಈ ಎರಡು ಬೆಲೆಗಳು ಸತತ ಮೂರು ಸಲ ಬಂದರೆ ನೇರ ಪೂರ್ತಿ ವೇಗಕ್ಕೆ ಹೋಗುವಂತೆ ಬರೆಯಿರಿ. ಕೋಡು ಸಿಕ್ಕಿಹಾಕಿಕೊಂಡರೆ ಟೈಮರ್ ಹಳೆಯ ವೇಗದಲ್ಲೇ ಓಡಿಸುತ್ತಿರುತ್ತದೆ, ಹಾಗಾಗಿ ಕೋಡು ಸ್ಪಂದಿಸದಿದ್ದರೆ ನ್ಯಾನೊವನ್ನು ರೀಸೆಟ್ ಮಾಡುವ ವಾಚ್‌ಡಾಗ್ ಬೇಕು. ಹಳೆಯ ಬೂಟ್‌ಲೋಡರಿನ (ಆರಂಭದಲ್ಲಿ ಓಡುವ ಪುಟ್ಟ ಕೋಡು) ನ್ಯಾನೊ ವಾಚ್‌ಡಾಗ್ ಹೊಡೆದ ಮೇಲೆ ಮತ್ತೆ ಮತ್ತೆ ರೀಸೆಟ್ ಆಗುತ್ತಲೇ ಉಳಿಯುತ್ತದೆ. ಮೊದಲೇ ಆಪ್ಟಿಬೂಟ್ ಎಂಬ ಬೂಟ್‌ಲೋಡರ್ ಹಾಕಿಕೊಳ್ಳಿ.

ಬೋರ್ಡಿನ ಬೆಸುಗೆಗಳ ಮೇಲೆ ತೇವ ತಡೆಯುವ ಆಕ್ರಿಲಿಕ್ ಕಾನ್ಫಾರ್ಮಲ್ ಸ್ಪ್ರೇ ಎರಡು ಪದರ, ಕನೆಕ್ಟರುಗಳಿಗೆ ಟೇಪು ಹಚ್ಚಿಕೊಂಡು. ಎರಡು ಮಳೆಗಾಲ ಕಂಡ ಫ್ಯಾನ್ ಹೆಡರನ್ನು ಭೂತಗನ್ನಡಿಯಲ್ಲಿ ನೋಡಿದರೆ ಪಿನ್ನಿನ ಬುಡದಲ್ಲಿ ಹಸಿರು ಹುಡಿ ಕಟ್ಟಿರುತ್ತದೆ, ಸುತ್ತ ಬಿಳಿಯ ಗೆರೆ. ಟ್ಯಾಕೋ ಪಿನ್ನಿಗೆ ಇದು ಹಿಡಿದರೆ ಫ್ಯಾನು ಚೆನ್ನಾಗಿ ತಿರುಗುತ್ತಿದ್ದರೂ ವೇಗ ಶೂನ್ಯ ಎಂದು ಬರುತ್ತದೆ, ಪ್ರೊಸೆಸರ್ ಫ್ಯಾನಾದರೆ ಯಂತ್ರ ಬೂಟ್ ಆಗುವಾಗಲೇ ದೋಷವೆಂದು ನಿಲ್ಲುತ್ತದೆ. ಫ್ಯಾನು ಬದಲಿಸುವ ಮೊದಲು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಗಟ್ಟಿ ಬ್ರಷ್ಷಿನಿಂದ ಪಿನ್ನು ತಿಕ್ಕಿ, ಕನೆಕ್ಟರನ್ನು ನಾಲ್ಕೈದು ಸಲ ಹಾಕಿ ತೆಗೆಯಿರಿ.

ಯಂತ್ರ ಆರಿಸಿಟ್ಟ ದಿನಗಳಲ್ಲಿ ಈ ಬಿಸುಪಿನ ರಕ್ಷಣೆ ಇರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಳಸದಿದ್ದರೂ ದಿನಕ್ಕೆ ಒಂದು ಗಂಟೆ ಹಚ್ಚಿಡಿ. ಮುಂದಿನ ಜಾಲರಿ ಫಿಲ್ಟರನ್ನು ಯಾವಾಗ ತೊಳೆಯಬೇಕೆಂಬುದನ್ನೂ ನ್ಯಾನೊ ಹೇಳುತ್ತದೆ: ಅದೇ ಕೋಣೆ, ಅದೇ ಕೆಲಸ, ಆದರೆ ಸರಾಸರಿ ವೇಗ ಶೇ. 40ರಿಂದ 55ಕ್ಕೆ ಏರಿದ್ದರೆ ಫಿಲ್ಟರ್ ಕಟ್ಟಿದೆ ಎಂದರ್ಥ. ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿಯೇ ಹಾಕಿ. ಮಳೆಗಾಲದಲ್ಲಿ ಇದಕ್ಕೆ ಎರಡು ದಿನ ಹಿಡಿಯುತ್ತದೆ, ಹಾಗಾಗಿ ನಾನು ಎರಡು ಜೊತೆ ಇಟ್ಟುಕೊಂಡಿದ್ದೇನೆ.