ಯಹೂದಿ ಮನೆಯೊಂದನ್ನು ಮಡಿಕೇರಿಯ ಸ್ಟೇಜಿಗೆ ಏರಿಸುವುದು ಹೇಗೆ

ನೀವು ಆಡಿಸಹೊರಟಿರುವುದು 1930ರ ದಶಕದ, ನ್ಯೂಯಾರ್ಕಿನ ಬ್ರೂಕ್ಲಿನ್‌ನ ಯಹೂದಿ ಕುಟುಂಬವೊಂದರ ಕಥೆ ಅಂದುಕೊಳ್ಳಿ. 1929ರಲ್ಲಿ ನ್ಯೂಯಾರ್ಕ್ ಷೇರುಪೇಟೆ ಕುಸಿದಿದೆ, ಎಲ್ಲೂ ಕೆಲಸ ಇಲ್ಲ. ಸೋದರಮಾವ ಪೆಟ್ಟಿಗೆ ಸಮೇತ ತಂಗಿ ಮನೆಗೆ ಬಂದು ಕೂತಿದ್ದಾನೆ. ಒಟ್ಟು ಎಂಟು ಜನ.

ಮೊದಲು ಸ್ಟೇಜನ್ನು ಚಿಕ್ಕದು ಮಾಡಿ. ಹಾಲ್ ದೊಡ್ಡದಿದೆ ಅಂತ ಕುರ್ಚಿಗಳನ್ನು ದೂರ ದೂರ ಹಾಕಿದರೆ ನಗು ಅಲ್ಲೇ ಸತ್ತಿತು. ಸೀಮೆಸುಣ್ಣದಲ್ಲಿ ಹನ್ನೆರಡು ಅಡಿ ಚೌಕ ಎಳೆದು ಎಂಟೂ ಜನರನ್ನು ಅದರೊಳಗೆ ತುಂಬಿ. ಮೇಜು ಒಂದೇ. ಹುಡುಗನ ಹೋಂವರ್ಕ್, ಅಮ್ಮನ ಹಿಟ್ಟು, ಮಾವನ ಪೇಪರ್ ಎಲ್ಲ ಅದರ ಮೇಲೇ. ಒಬ್ಬರು ಎದ್ದರೆ ಮೂವರು ಕಾಲು ಮಡಚಬೇಕು.

ನಮ್ಮ ನಟರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸೋಮವಾರಪೇಟೆಯ ನಮ್ಮ ಮನೆಯಲ್ಲಿ ಜುಲೈ ಮಳೆಗೆ ಒದ್ದೆಯಾದ ಯೂನಿಫಾರ್ಮನ್ನು ಒಲೆ ಮುಂದೆ ಒಣಗಿಸುವುದಕ್ಕೇ ಜಗಳ ಆಗುತ್ತಿತ್ತು. ಅಕ್ಕನ ಲಂಗ ಮೊದಲು, ನನ್ನ ಚಡ್ಡಿ ಕೊನೆಗೆ, ಅದಕ್ಕೂ ಹೊಗೆ ವಾಸನೆ. ಅಂಥ ಜಗಳಗಳನ್ನು ರಿಹರ್ಸಲ್‌ನಲ್ಲಿ ಮಾತಿಲ್ಲದೆ ಆಡಿಸಿ. ಜೋಕು ಆಮೇಲೆ ಸೇರಿಸಿದರಾಯ್ತು.

ಆದರೆ ಊಟದ ಮೇಜಿಗೆ ಕೊಡಗನ್ನು ತರಬೇಡಿ. ಪಂದಿ ಕರಿ ಅಂತೂ ಕಾಣಲೇಬಾರದು, ಯಹೂದಿಗಳಿಗೆ ಹಂದಿಮಾಂಸ ನಿಷಿದ್ಧ. ರಿಹರ್ಸಲ್ ಮುಗಿಸಿ ತಿನ್ನಿ, ನಾನೂ ಬರ್ತೀನಿ. ಶುಕ್ರವಾರ ಸೂರ್ಯ ಮುಳುಗುವ ಮೊದಲೇ ಅಮ್ಮ ಎರಡು ಮೇಣದಬತ್ತಿ ಹಚ್ಚಿ, ಕೈಯಿಂದ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಾಳೆ. ಅಲ್ಲಿಗೆ ಶಬ್ಬತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿಯ ದಿನ, ಶುರು. ಆಮೇಲೆ ಬೆಂಕಿ ಹಚ್ಚುವ ಹಾಗಿಲ್ಲ, ಅಡುಗೆಯೆಲ್ಲ ಅಷ್ಟರೊಳಗೆ ಆಗಿರಬೇಕು. ಆ ಧಾವಂತವೇ ನಾಟಕದ ಅತ್ಯುತ್ತಮ ಸೀನ್, ಅದನ್ನು ಬೇಗ ಮುಗಿಸಬೇಡಿ. ಮೇಜಿನ ಮೇಲೆ ಜಡೆ ಹೆಣೆದ ಎರಡು ಹಲ್ಲಾ ಬ್ರೆಡ್, ಅದಕ್ಕೆ ಬಟ್ಟೆ ಮುಚ್ಚಿರಬೇಕು. ಬೇಕರಿಯವರಿಗೆ ಹೇಳಿ ಮಾಡಿಸಿ. ಮೊಟ್ಟೆ, ಎಣ್ಣೆ ಸಾಕು, ಹಾಲು-ಬೆಣ್ಣೆ ಬೇಡ ಅನ್ನಿ. ಮಾಂಸದೂಟದ ಜೊತೆ ಹಾಲಿನದ್ದೇನೂ ಬರುವಂತಿಲ್ಲ. ಕೋಳಿ ತಿಂದ ಕೂಡಲೇ ಮಾವ ಹಾಲು ಹಾಕಿದ ಕಾಫಿಗೆ ಕೈ ಹಾಕಿದರೆ ಪ್ರೇಕ್ಷಕರಿಗೆ ಗೊತ್ತಾಗದೇ ಹೋಗಬಹುದು. ಅಜ್ಜಿಗೆ ಗೊತ್ತಾಗಬೇಕು! ಅವಳ ಒಂದು ನೋಟ ಸಾಕು, ಹಾಲ್‌ನಲ್ಲಿ ಕೂತವರಿಗೆ ತಾವಾಗಿಯೇ ಅರ್ಥ ಆಗುತ್ತದೆ.

ವಿಚಿತ್ರ ಉಚ್ಚಾರಣೆ, ಅಂಟಿಸಿದ ಗಡ್ಡ ಬೇಡವೇ ಬೇಡ. ನಿಮ್ಮ ಮನೆಯ ಕನ್ನಡದಲ್ಲೇ ಮಾತಾಡಿ.

ಇನ್ನು ದಿನಾಂಕ. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಶೀಟಿನ ಮಾಡಿನ ಕೆಳಗೆ ಮಾತೇ ಕೇಳಿಸಲ್ಲ. ಡಿಸೆಂಬರ್‌ನಿಂದ ಕಾಫಿ ಕೊಯ್ಲು, ಅಪ್ಪನ ಪಾತ್ರದವರು ತೋಟ ಬಿಟ್ಟು ಬರಲ್ಲ. ಮಾರ್ಚ್ ಬಂದರೆ ಮಕ್ಕಳ ಪರೀಕ್ಷೆ. ಏಪ್ರಿಲ್‌ನಲ್ಲಿ ಮದುವೆ ಇಲ್ಲದ ಒಂದು ಭಾನುವಾರ ಹುಡುಕಿ, ಹಾಲ್ ಬುಕ್ ಮಾಡಿಬಿಡಿ.