ಟ್ಯಾಂಗೋ: ಆರು ತಿಂಗಳು ಬರೀ ನಡೆದೆ

"ಟ್ಯಾಂಗೋ ಕುಣಿತದಲ್ಲಿ ತಿರುವು, ವರಸೆ ಬಿಟ್ಟು ಬರೀ ನಡೆದರೆ ಯಾರು ನಿನ್ನ ಜೊತೆ ಎರಡನೇ ಸಲ ಕುಣಿಯುತ್ತಾರೆ?" ಎಂದು ಬ್ಯೂನಸ್ ಐರಿಸ್‌ನಲ್ಲಿ ಜೊತೆಗೆ ಅಭ್ಯಾಸ ಮಾಡುವವರೆಲ್ಲ ಕೇಳಿದ್ದರು. ಹೋದ ವಾರ ಅಲ್ಲಿನ ಟ್ಯಾಂಗೋ ಸಭಾಂಗಣ ಸಲೋನ್ ಕ್ಯಾನಿಂಗ್‌ನಲ್ಲಿ ನಾಲ್ಕು ಹಾಡಿನ ಇಡೀ ತಾಂದಾ (ಒಬ್ಬರ ಜೊತೆಯೇ ಕುಣಿಯುವ ಹಾಡುಗಳ ಸುತ್ತು) ಒಂದೇ ಒಂದು ಓಚೋ, ಅಂದರೆ ಎಂಟರ ಆಕಾರದ ತಿರುವು, ಇಲ್ಲದೆ ನಡೆದೇ ಮುಗಿಸಿದೆ. ಜೊತೆಗಿದ್ದವರು ಎಪ್ಪತ್ತು ದಾಟಿದ ಅಲ್ಲಿನವರೇ. ಹಾಡು ನಿಂತ ಮೇಲೂ ತಬ್ಬಿದ ಕೈ ಸಡಿಲಿಸದೆ ಸುಮ್ನೆ ನಿಂತಿದ್ದರು.

ಮೊದಲ ವರ್ಷ ದುಡ್ಡು ಸುರಿದಿದ್ದೆ. ಖಾಸಗಿ ಪಾಠಕ್ಕೆ ಗಂಟೆಗೆ 50 ಡಾಲರ್ ಹತ್ತಿರ, ಅಂಥವು ಹದಿನೈದಾದರೂ ಆಗಿರಬೇಕು. ಜೊತೆಗಾರರ ಕಾಲಿನ ಜಾಗಕ್ಕೇ ಕಾಲಿಡುವ ಸಕಾದಾ, ಕಾಲಿಗೆ ಕಾಲು ಕೊಕ್ಕೆ ಹಾಕುವ ಗಾಂಚೋ ಎಲ್ಲ ಕಲಿತೆ. ಜನ ತುಂಬಿದ ಮಿಲೋಂಗಾದಲ್ಲಿ (ಟ್ಯಾಂಗೋ ಕುಣಿಯುವ ಕೂಟ), ಮುಂದಿನ ಜೋಡಿಗೂ ನಮಗೂ ಎರಡಡಿ ಜಾಗ ಸಿಕ್ಕರೆ ಹೆಚ್ಚು ಅನ್ನುವಲ್ಲಿ, ಅವನ್ನೆಲ್ಲ ಎಲ್ಲಿ ಮಾಡೋದು? 120 ಡಾಲರ್ ಕೊಟ್ಟು ತಂದ ಚರ್ಮದ ಅಟ್ಟೆಯ ಶೂ ಮರದ ನೆಲದ ಮೇಲೆ ಜಾರಿ ಜೊತೆಗೆ ಕುಣಿಯುತ್ತಿದ್ದವರ ಹೆಬ್ಬೆರಳು ತುಳಿದೆ. ಎರಡನೇ ಹಾಡಿಗೇ ಅವರು 'ಗ್ರಾಸಿಯಾಸ್' (ಧನ್ಯವಾದ) ಎಂದು ಹೊರಟುಬಿಟ್ಟರು. ತಾಂದಾ ನಡುವೆ ಆ ಮಾತು ಬಂದರೆ, ನಿನ್ನ ಜೊತೆ ಕುಣಿದದ್ದು ಸಾಕು ಅಂತ ಅರ್ಥ.

ಆಮೇಲೆ ಪಾಠ ಬಿಟ್ಟೆ. ಮನೆ ಹೊರಗಿನ ಉದ್ದ ಪಡಸಾಲೆ, ದಿನಾ ರಾತ್ರಿ ಅರ್ಧ ಗಂಟೆ, ಟ್ಯಾಂಗೋ ವಾದ್ಯವೃಂದದ ನಾಯಕ ಕಾರ್ಲೋಸ್ ದಿ ಸಾರ್ಲಿಯ ಐವತ್ತರ ದಶಕದ ಧ್ವನಿಮುದ್ರಣಗಳು. ತಾಳ ಬಡಿಯುವ ಮೆಟ್ರೊನೋಮ್ ಇಟ್ಟು ನಡೆದದ್ದು ಪೂರ್ತಿ ದಂಡ. ಹೆಜ್ಜೆ ತಾಳಕ್ಕೆ ಸರಿ, ಆದರೆ ಜೀವ ಇಲ್ಲ. ದಿ ಸಾರ್ಲಿಯ ಪಿಟೀಲುಗಳು ಉಬ್ಬಿ ಇಳಿಯುತ್ತವೆ, ನಡುವೆ ಪಿಯಾನೋ ಮೆಲ್ಲಗೆ ಗಂಟೆ ಬಾರಿಸಿದ ಹಾಗೆ ಬರುತ್ತದೆ, ಕಾಲು ಕಾಯಬೇಕಾದದ್ದು ಅದಕ್ಕೆ. ಚುರುಕು ತಾಳದ ಇನ್ನೊಬ್ಬ ವಾದ್ಯವೃಂದ ನಾಯಕ ದಾರಿಯೆನ್ಸೋನ ಹಾಡು ಹಾಕಿಯೂ ಎರಡು ವಾರ ನೋಡಿದೆ. ಅವಸರ ಜಾಸ್ತಿಯಾಯಿತು, ಆದರೆ ಚಿಕ್ಕ ಹೆಜ್ಜೆ ಇಡೋದು ಬಂತು.

ನಿಜವಾಗಿ ಕೆಲಸ ಮಾಡಿದ್ದು 5 ಕೆಜಿ ಅಕ್ಕಿ ಚೀಲ. ಎದೆಗೆ ಅವಚಿಕೊಂಡು ನಡೆಯಿರಿ. ಮೊದಲು ಪಾದ ಹೋಗಿ ಮೈ ಹಿಂದೆ ಉಳಿದರೆ ಚೀಲ ಕುಲುಕಿ ಅಕ್ಕಿ ಸರ್ ಅನ್ನುತ್ತದೆ. ಎದೆ ಹೊರಟು ಪಾದ ಅದರ ಕೆಳಗೆ ಬಂದು ನಿಂತರೆ ಸದ್ದೇ ಇಲ್ಲ. ಸದ್ದು ನಿಲ್ಲೋಕೆ ನನಗೆ ಮೂರು ತಿಂಗಳು ಹಿಡಿಯಿತು. ಈಗ ನಾನು ನಡೆದರೆ ಜೊತೆಗಾರರಿಗೆ ಕಾಲು ಎಲ್ಲಿಡಬೇಕು ಎಂಬ ಯೋಚನೆಯೇ ಬರಲ್ಲ, ಇದನ್ನು ಅವರೇ ಹೇಳಿದ್ದಾರೆ. ಹಾಡಿನ ಸಾಲು ಮುಗಿಯುವಲ್ಲಿ ಒಂಟಿ ಕಾಲಿನ ಮೇಲೆ ಉಸಿರು ಹಿಡಿದು ನಿಲ್ಲುವುದು ಹೇಗೆ ಅನ್ನೋದು ಮಾತ್ರ ನನ್ನಲ್ಲೇ ಇರಲಿ.

ಈಗ ಅದೇ ಚೀಲ ಹಿಡಿದು ವಾಲ್ಸ್ (ಮೂರೆಣಿಕೆ ತಾಳದ ಟ್ಯಾಂಗೋ) ಶುರು ಮಾಡಿದ್ದೇನೆ, ಮೂರರಲ್ಲಿ ಮೊದಲ ಎಣಿಕೆಗೆ ಮಾತ್ರ ಹೆಜ್ಜೆ. ಅಕ್ಕಿ ಇನ್ನೂ ಸದ್ದು ಮಾಡುತ್ತಿದೆ.