ಬಣ್ಣ ಬದಲಿಸುವ ಹರಳಿನ ಉಂಗುರ: ಮೂರನೇ ಸಲಕ್ಕೆ ಕೈಗೆ ಹತ್ತಿತು

ಹಸಿರು ಗಾಜಿನ ಮಣಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಹರಳು ಆರಿಸಲು ಹೊರಟಾಗ ಜೊತೆಯವರು ನಕ್ಕಿದ್ದರು. ಆ ಮಣಿ ಹಿಡಿದು ಆರಿಸಿದ ಉಂಗುರ ಬೆರಳಿಗೆ ಬಂದು ಹತ್ತಿರ ಹತ್ತಿರ ಒಂದೂವರೆ ವರ್ಷವಾಯಿತು. ಹಗಲಲ್ಲಿ ನೀಲಿ ಬೆರೆತ ಹಸಿರು, ಮೇಣದಬತ್ತಿಯ ಮುಂದೆ ನೇರಳೆಗೆಂಪು. ನಕ್ಕವರಲ್ಲಿ ಇಬ್ಬರು ಈಚೆಗೆ ಅದೇ ಮಣಿಯನ್ನು ಎರವಲು ಪಡೆದು ಹೋದರು.

ಮೊದಲ ಉಂಗುರವನ್ನು ಅಲೆಕ್ಸಾಂಡ್ರೈಟ್, ಅಂದರೆ ಹಗಲಲ್ಲಿ ಹಸಿರಾಗಿದ್ದು ದೀಪದಡಿ ಕೆಂಪಿಗೆ ತಿರುಗುವ ಹರಳು, ಎಂದು ನಂಬಿ ಕೊಂಡೆ. ಮೂರು ಕ್ಯಾರಟ್‌ಗೂ ಮೀರಿದ ಹರಳು, ಒಳಗೆ ಒಂದು ಕಲೆಯಿಲ್ಲ. ನಾಲ್ಕು ತಿಂಗಳ ಉಳಿತಾಯ ಅದಕ್ಕೇ ಹೋಯಿತು. ಮನೆಗೆ ತಂದ ಮೇಲೆ ನೋಡಿದರೆ ಹಗಲಲ್ಲಿ ಬೂದು ನೀಲಿ, ಬಲ್ಬಿನಡಿ ನೇರಳೆ. ಹಸಿರು ಯಾವ ಬೆಳಕಿನಲ್ಲೂ ಬರಲಿಲ್ಲ. ಹರಳು ಬಿಡಿಸಿ ತೂಗಿದೆ. ಒಣಗಿದ್ದಾಗ 0.64 ಗ್ರಾಂ, ನೀರಿನಲ್ಲಿ 0.48ರ ಆಸುಪಾಸು. ಒಣ ತೂಕವನ್ನು ನೀರಿನಲ್ಲಿ ಕಡಿಮೆಯಾದ ತೂಕದಿಂದ ಭಾಗಿಸಿದರೆ ಸಾಂದ್ರತೆ 4. ಅಲೆಕ್ಸಾಂಡ್ರೈಟ್ ಆಗಿದ್ದರೆ 3.73ರ ಹತ್ತಿರ ನಿಲ್ಲಬೇಕಿತ್ತು. ಲೂಪ್ ಎಂಬ ಪುಟ್ಟ ಭೂತಗನ್ನಡಿ ಹಿಡಿದಾಗ ಬಾಗಿದ ಗೆರೆಗಳೂ ಕಂಡವು. ವನೇಡಿಯಂ ಲೋಹ ಸೇರಿಸಿ ಬೆಳೆಸಿದ ಕೃತಕ ಕೊರಂಡಮ್ ಅದು, ಮಾಣಿಕ್ಯ ನೀಲಗಳ ಜಾತಿಯ ಖನಿಜ.

ಈ ತೂಕದ ವಿದ್ಯೆ ಒಂದೇ ದಿನಕ್ಕೆ ಒಲಿಯಲಿಲ್ಲ. ಮೊದಲ ಐದಾರು ಸಲ ಒಂದೊಂದು ಸಲಕ್ಕೂ ಒಂದೊಂದು ಅಂಕಿ. ಹರಳಿನ ಕೆಳಗೆ ಸಾಸಿವೆಗಿಂತ ಚಿಕ್ಕ ಗುಳ್ಳೆ ಅಂಟಿಕೊಂಡಿದ್ದರೂ ಸಾಕು, ಲೆಕ್ಕ ಕೆಡುತ್ತದೆ. ನೀರಿಗೆ ಒಂದು ಹನಿ ಸೋಪು ಹಾಕಿದ ಮೇಲೆ ಗುಳ್ಳೆ ನಿಲ್ಲುವುದು ತಪ್ಪಿತು. ದಾರ ಬಿಟ್ಟು ತೆಳು ತಂತಿ ಹಿಡಿದೆ. ತಂತಿ ಕಟ್ಟುವ ಬಗೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ಎರಡು ತಿಂಗಳು ಕೂತಿದ್ದೇನೆ.

ಎರಡನೆಯದು ಡಯಾಸ್ಪೋರ್, ಬಣ್ಣ ಬದಲಿಸುವ ಇನ್ನೊಂದು ಬಗೆಯ ಹರಳು. ಬಣ್ಣ ನೋಡಿ ಮನಸೋತೆ, ಬಿಡಿ ಹರಳಾಗಿಯೇ ಕೊಂಡೆ. ಇದು ಸೀಳಿಕೊಳ್ಳುವ ಕಲ್ಲು, ಉಂಗುರಕ್ಕೆ ಬೇಡ ಎಂದು ಅಕ್ಕಸಾಲಿ ಹೇಳಿದರೂ ಹಠ ಮಾಡಿ ಕೂರಿಸಲು ಹೇಳಿದೆ. ನಾಲ್ಕನೇ ಕೊಕ್ಕೆ ಒತ್ತುವಾಗ 'ಟಿಕ್' ಎಂದಿತು. ಚಾಕುವಿನಲ್ಲಿ ಕೊಯ್ದ ಹಾಗೆ ನೇರವಾದ ಸೀಳು. ಹರಳಿನ ಹಣದ ಜೊತೆಗೆ ಕೂಲಿಯೂ ನನ್ನ ತಲೆಗೇ ಬಂತು, ತಪ್ಪೂ ನನ್ನದೇ.

ಇನ್ನು ಮಣಿಯ ವಿಷಯ. ಮಾರುವವರು ಬಿಳಿ ಎಲ್‌ಇಡಿ ಹಾಕಿ ತೋರಿಸುತ್ತಾರೆ, ಆಮೇಲೆ ಹಳದಿ ಟಾರ್ಚ್ ಹಾಕುತ್ತಾರೆ. ಆಗ ಹರಳೇನು, ನಮ್ಮ ಅಂಗೈಯೂ ಬೇರೆ ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಬಿಳಿ ಕಾಗದದ ಮೇಲೆ ಹರಳಿನ ಪಕ್ಕ ಸಾದಾ ಹಸಿರು ಮಣಿ ಇಡುತ್ತೇನೆ. ಮಣಿ ಹಸಿರಾಗಿಯೇ ಉಳಿದು ಹರಳು ಮಾತ್ರ ಕೆಂಪಿಗೆ ಹೊರಳಿದರೆ ಅದು ಹರಳಿನದೇ ಗುಣ. ಎರಡೂ ಒಟ್ಟಿಗೆ ಹಳದಿಯ ಕಡೆ ವಾಲಿದರೆ ಅದು ದೀಪದ ಕೆಲಸ. ಕಣ್ಣು ಹೊಸ ಬೆಳಕಿಗೆ ಒಗ್ಗಲು ಎರಡು ನಿಮಿಷವಾದರೂ ಬಿಟ್ಟು ನೋಡುತ್ತೇನೆ.

ಆದರೂ ನಾನು ಕೊನೆಯ ತೀರ್ಮಾನ ಮಾಡುವುದು ಸಂಜೆ ಕಿಟಕಿಯ ಬಳಿ, ಹೊರಗಿನ ಬೆಳಕೂ ಒಳಗಿನ ದೀಪವೂ ಬೆರೆಯುವ ಹೊತ್ತಿನಲ್ಲಿ. ಬರೀ ಹಗಲು, ಬರೀ ದೀಪ ಎಂಬ ಎರಡು ತುದಿಗಳಲ್ಲಿ ಚೆಂದ ಕಾಣುವ ಎಷ್ಟೋ ಹರಳುಗಳು ಆಗ ಕಂದು ಕೆಸರಿನಂತಾಗುತ್ತವೆ. ಉಂಗುರ ಹಾಕಿಕೊಂಡು ದಿನ ಕಳೆಯುವುದು ಹೆಚ್ಚಾಗಿ ಇಂಥ ಬೆರಕೆ ಬೆಳಕಿನಲ್ಲೇ. ಹನ್ನೆರಡೋ ಹದಿಮೂರೋ ಹರಳು ನೋಡಿದ್ದೆ, ಆ ಹೊತ್ತಿನಲ್ಲೂ ಜೀವಂತವಾಗಿದ್ದವು ಎರಡೇ.

ನಡುವೆ ಮನೆಯ ದೀಪಗಳನ್ನೂ ಪರೀಕ್ಷಿಸಿದೆ. ಹಳದಿ ಎಲ್‌ಇಡಿಗಳೆಲ್ಲ ಒಂದೇ ಅಲ್ಲ. ಮೂರರಲ್ಲಿ ಎರಡರ ಕೆಳಗೆ ಕೆಂಪು ಅರ್ಧಕ್ಕೇ ನಿಂತಿತು, ಹಳೆಯ ತಂತಿ ಬಲ್ಬಿನಡಿ ಪೂರ್ತಿ ಬಂತು. ಫೋನಿನ ಫೋಟೋ ನಂಬಿ ಮಾತ್ರ ಕೊಳ್ಳಬೇಡಿ. ಬೆಳಕಿಗೆ ತಕ್ಕಂತೆ ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸನ್ನು ಕೈಯಾರೆ ಕಟ್ಟಿಹಾಕದಿದ್ದರೆ ಕ್ಯಾಮೆರಾ ತನಗೆ ತೋಚಿದ ಬಣ್ಣ ಕೊಡುತ್ತದೆ.

ಕೊನೆಗೆ ಆರಿಸಿದ್ದು ಪ್ರಯೋಗಾಲಯದಲ್ಲಿ ಬೆಳೆಸಿದ ಅಲೆಕ್ಸಾಂಡ್ರೈಟ್, ಒಂದೂವರೆ ಕ್ಯಾರಟ್. ಸಂಜೆಯ ಪರೀಕ್ಷೆಯಲ್ಲಿ ಉಳಿದ ಇನ್ನೊಂದು ನೆಲದಿಂದ ಬಂದ ಅಲೆಕ್ಸಾಂಡ್ರೈಟ್, ಅದಕ್ಕೆ ಕೇಳಿದ ಹಣದಲ್ಲಿ ನನ್ನದು ಹತ್ತರಲ್ಲೊಂದು ಪಾಲೂ ಆಗಲಿಲ್ಲ. ಎರಡರಲ್ಲೂ ಬಣ್ಣ ತರುವುದು ಕ್ರೋಮಿಯಂ, ವಜ್ರಕ್ಕೆ 10 ಕೊಡುವ ಮೋಸ್ ಅಳತೆಯಲ್ಲಿ ಗಡಸುತನ ಅದೇ 8.5. ತೂಗಿದರೆ ಸಾಂದ್ರತೆಯೂ ಒಂದೇ ಬರುವುದರಿಂದ ಇಲ್ಲಿ ತಕ್ಕಡಿ ಕೈಕೊಡುತ್ತದೆ. ನೆಲದ ಹರಳೇ ಬೇಕೆನ್ನುವವರು ಲ್ಯಾಬ್ ವರದಿಯ ಖರ್ಚನ್ನು ಮೊದಲೇ ಎತ್ತಿಡಿ.

ಕೂರಿಸುವ ಮುಂಚೆ ಹರಳಿನ ಹಿಂದೆ ಹಳದಿ ಚಿನ್ನದ ತುಂಡು ಹಿಡಿದು ನೋಡಿದೆ, ಹಸಿರು ಮಂಕಾಯಿತು. ಬಿಳಿ ಚಿನ್ನಕ್ಕೆ ಹೋದೆ, ತಳ ತೆರೆದಿಡಿಸಿದೆ. ಕೈತೊಳೆದ ಸೋಪು ಆ ತೆರೆದ ತಳದಲ್ಲೇ ಸೇರಿಕೊಳ್ಳುತ್ತದೆ. ವಾರಕ್ಕೊಮ್ಮೆ ಬೆಚ್ಚಗಿನ ನೀರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ಉಜ್ಜದಿದ್ದರೆ ಕೆಂಪು ಅರ್ಧ ಮಾಯವಾಗುತ್ತದೆ.